ಇನ್ನು ಮೇಲೆ ಸ್ಕೂಟರನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ

ನಮ್ಮ ಗಾಡಿ ಓಡಿಸುವ ಎಲ್ಲರಿಗೂ ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರನ್ನು ಕೆಲಸ ಮುಗಿದ ಕಡೆಯೇ ಬಿಟ್ಟು ಹೋಗುವಂತಿಲ್ಲ. ನಮ್ಮ ಸ್ಟ್ಯಾಂಡಿಗೆ ತಂದು ನಿಲ್ಲಿಸಿ, ಅಲ್ಲಿರುವ ಬೋರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಅಲ್ಲಿವರೆಗೂ ಬಾಡಿಗೆ ಓಡುತ್ತಲೇ ಇರುತ್ತದೆ.

"ಎಲ್ಲಾದರೂ ತಗೊಳ್ಳಿ, ಎಲ್ಲಾದರೂ ಬಿಡಿ" ಅಂತ ಬೋರ್ಡು ಬರೆಸಿದ್ದು ನೀವೇ ಅಲ್ವಾ ಅಂತ ಕೇಳ್ತೀರಿ. ಹೌದು, ನಾವೇ.

ಹೋದ ತಿಂಗಳು ಗಾಂಧಿಬಜಾರಿನ ಹತ್ತಿರ ನಿಂತಿದ್ದ ಒಂದು ಗಾಡಿಯ ಸೀಟಿನ ಮೇಲೆ ಯಾರೋ ಚೀಟಿ ಅಂಟಿಸಿದ್ದರು: "ಫುಟ್‌ಪಾತ್ ನಿಮ್ಮಪ್ಪಂದಾ?" ಬ್ಯಾಟರಿ ಬದಲಿಸುವ ಹುಡುಗ ಅದರ ಫೋಟೋ ಕಳಿಸಿದಾಗ ನಕ್ಕುಬಿಟ್ಟೆವು. ಅದೇ ವಾರ ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ಅಂಗಡಿ ಬಾಗಿಲಲ್ಲೇ ನಿಂತು, "ನಿಮ್ಮ ಗಾಡಿ ಅಡ್ಡ ಬಿದ್ದಿದೆ ಅಂತ ನಾನು ಬಸ್ಸು ಓಡಾಡೋ ರೋಡಿಗೆ ಇಳೀಬೇಕೇನಪ್ಪಾ?" ಅಂದರು. ಆಮೇಲೆ ನಗು ಬರಲಿಲ್ಲ.

ಅಲ್ಲಿವರೆಗೂ ತಪ್ಪೆಲ್ಲ ನಿಮ್ಮದು ಅಂದುಕೊಂಡು ಸುಮ್ನೆ ಮೆಸೇಜ್ ಕಳಿಸುತ್ತಿದ್ದೆವು. ನಿಜ ಹೇಳಬೇಕೆಂದರೆ ಆ್ಯಪ್‌ಗೇ ಗೊತ್ತಾಗುತ್ತಿರಲಿಲ್ಲ. ಜಿಪಿಎಸ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಆಗುತ್ತದೆ, ದೊಡ್ಡ ಕಟ್ಟಡಗಳ ನಡುವೆ, ದಟ್ಟ ಮರಗಳ ಕೆಳಗೆ ಇನ್ನೂ ಜಾಸ್ತಿ, ನಮ್ಮ ಕಡೆಯ ಫುಟ್‌ಪಾತ್ ಎಷ್ಟೋ ಕಡೆ ಅಷ್ಟು ಅಗಲವೂ ಇಲ್ಲ. ಹಾಗಾಗಿ ಗಾಡಿ ರಸ್ತೆ ಬದಿಯಲ್ಲಿದ್ದರೂ, ಯಾರದೋ ಗೇಟಿಗೆ ಅಡ್ಡ ಇದ್ದರೂ, "ಧನ್ಯವಾದ, ಪ್ರಯಾಣ ಮುಗಿಯಿತು" ಅಂತಲೇ ಬರುತ್ತಿತ್ತು. ಅದಕ್ಕೇ ಈಗ ಬೋರ್ಡು.

ಇನ್ನೊಂದು ಮಾತು. ಗಂಟೆಗೆ 25 ಕಿ.ಮೀ. ಒಳಗಿನ ವೇಗ, 250 ವ್ಯಾಟ್ ಒಳಗಿನ ಮೋಟಾರು ಇರುವ ಇಂಥ ಗಾಡಿಗೆ ರಿಜಿಸ್ಟ್ರೇಷನ್ ಬೇಕಿಲ್ಲ, ಲೈಸೆನ್ಸೂ ಬೇಕಿಲ್ಲ. ನಿಮಗೆ ಅದೇ ಅನುಕೂಲ. ಆದರೆ ನಂಬರ್ ಪ್ಲೇಟ್ ಇಲ್ಲದ ಗಾಡಿ ರಾಂಗ್ ಸೈಡಿನಲ್ಲಿ ಮೂವರನ್ನು ಹೊತ್ತು ಬಂದರೆ ಜನ ಯಾರನ್ನು ಬೈಯಬೇಕು? ಎಲ್ಲರನ್ನೂ ಬೈತಾರೆ. ಇನ್ನು ಪ್ರತಿ ಗಾಡಿಯ ಹಿಂದೆ ಮುಂದೆ ದೊಡ್ಡದಾಗಿ ನಮ್ಮದೇ ನಂಬರು, ಪಕ್ಕದಲ್ಲಿ ದೂರಿಗೆ ಫೋನ್ ನಂಬರು ಇರುತ್ತದೆ. ಒಂದು ಸಲ ಎಚ್ಚರಿಸುತ್ತೇವೆ, ಎರಡನೇ ಸಲ ಖಾತೆ ಬಂದ್.

ಪ್ಯಾರಿಸ್ಸಿನ ಕಥೆ ಕೇಳಿರಬಹುದು. ಅಲ್ಲಿನವು ನಿಂತು ಓಡಿಸುವ ಪುಟ್ಟ ಸ್ಕೂಟರ್. ಬಾಡಿಗೆ ಸ್ಕೂಟರ್ ಬೇಕೋ ಬೇಡವೋ ಅಂತ 2023ರ ಏಪ್ರಿಲ್ 2ರಂದು ಊರಿನವರಿಂದ ಮತ ಹಾಕಿಸಿದರು. ಬಂದವರು ನೂರಕ್ಕೆ ಎಂಟು ಮಂದಿಯೂ ಇಲ್ಲ, ಆದರೆ ಬಂದವರಲ್ಲಿ ನೂರಕ್ಕೆ 89 ಜನ ಬೇಡ ಅಂದರು. ಸೆಪ್ಟೆಂಬರ್ ಹೊತ್ತಿಗೆ ಸುಮಾರು 15,000 ಗಾಡಿ ಬೀದಿಯಿಂದ ಖಾಲಿ. ಓಡಿಸುತ್ತಿದ್ದವರು ಮನೆಯಲ್ಲೇ ಕೂತಿದ್ದರೇನೋ, ಸಿಟ್ಟಿದ್ದವರು ಮಾತ್ರ ಎದ್ದು ಬಂದರು. ಅವರ ಮುಂದೆ ಹತ್ತಾರು ಗಾಡಿಯ ನಾವೆಲ್ಲಿ!

ಸದ್ಯಕ್ಕೆ ನ್ಯಾಷನಲ್ ಕಾಲೇಜು ಮತ್ತು ಸೌತ್ ಎಂಡ್ ಸರ್ಕಲ್ ಮೆಟ್ರೋ ನಿಲ್ದಾಣಗಳ ಹತ್ತಿರ, ಜಯನಗರ 4ನೇ ಬ್ಲಾಕಿನಲ್ಲಿ, ಗಾಂಧಿಬಜಾರಿನಲ್ಲಿ ಸ್ಟ್ಯಾಂಡ್ ಇವೆ. ಎಲ್ಲವೂ ಅಂಗಡಿಯವರ ಸ್ವಂತ ಜಾಗ, ಬಾಡಿಗೆ ಕೊಟ್ಟು ಹಿಡಿದಿದ್ದೇವೆ. ನಿಮ್ಮ ನಿಮಿಷದ ದರ ಏರಿಸುವುದಿಲ್ಲ. ಆದರೆ ಸ್ಟ್ಯಾಂಡಿನಿಂದ ಮನೆಗೆ ನಡೆಯಬೇಕಾಗುತ್ತದೆ, ಕೆಲವರಿಗೆ ಹತ್ತು ನಿಮಿಷವೂ ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಸ್ಟ್ಯಾಂಡ್ ತುಂಬಿದ್ದರೆ ಅಲ್ಲಿಯೇ ಸ್ಕ್ಯಾನ್ ಮಾಡಿ, ಮುಂದಿನ ಸ್ಟ್ಯಾಂಡಿಗೆ ಹೋಗಲು 15 ನಿಮಿಷ ಬಾಡಿಗೆ ಇಲ್ಲ.

ಇದು ಆಗಿಬರಲ್ಲ ಅನ್ನುವವರು ತಿಂಗಳ ಪಾಸ್ ವಾಪಸ್ ಮಾಡಿ, ಉಳಿದ ದಿನಗಳ ದುಡ್ಡು ಹಿಂದಿರುಗಿಸುತ್ತೇವೆ. ಗಾಂಧಿಬಜಾರಿನ ಸ್ಟ್ಯಾಂಡ್ ಹೂವಿನಂಗಡಿಯ ಪಕ್ಕದಲ್ಲಿದೆ. ಬುಟ್ಟಿಗೆ ಗಾಡಿ ತಾಗಿಸಬೇಡಿ, ಆ ಅಕ್ಕನ ಬಾಯಿ ಜೋರು.

ಇಂತಿ,
ನಿಮ್ಮ ಸ್ಕೂಟರ್ ಅಂಗಡಿಯವರು