ಅಂತೂ ಪಿಎಚ್‌ಡಿ ಮುಗಿಯಿತು, ನಿಮಗೆಲ್ಲ ಥ್ಯಾಂಕ್ಸ್

ಮೊನ್ನೆ ನನ್ನ ವೈವಾ ಆಯಿತು. ಏಳು ವರ್ಷ ಹಿಡಿಯಿತು. ಫೋನ್ ಮಾಡಿದಾಗಲೆಲ್ಲ ನೀವು ವಿಚಾರಿಸುತ್ತಲೇ ಇದ್ದಿರಿ, ಹಾಗಾಗಿ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಒಂದೇ ಒಪೆರಾದ ಬಗ್ಗೆ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ. ಬ್ರಿಟಿಷ್ ಸಂಗೀತ ಸಂಯೋಜಕ ಹ್ಯಾರಿಸನ್ ಬರ್ಟ್‌ವಿಸಲ್ ಅವರ ‘ದಿ ಮಾಸ್ಕ್ ಆಫ್ ಆರ್ಫಿಯಸ್’, 1986ರಲ್ಲಿ ಲಂಡನ್ನಿನ ಕೊಲಿಸಿಯಂ ರಂಗಮಂದಿರದಲ್ಲಿ ಮೊದಲ ಸಲ ಆಡಿದ್ದು. ಗ್ರೀಕರ ಆ ಕಥೆ ಕೇಳಿರುತ್ತೀರಿ ಅಲ್ವಾ? ಹಾವು ಕಚ್ಚಿ ಸತ್ತ ಹೆಂಡತಿ ಯೂರಿಡಿಸಿಯನ್ನು ಕರೆತರಲು ಹಾಡುಗಾರ ಆರ್ಫಿಯಸ್ ಪಾತಾಳಕ್ಕೆ ಇಳಿಯುತ್ತಾನೆ. ಬರುವಾಗ ಹಿಂದೆ ತಿರುಗಿ ನೋಡಬಾರದೆಂಬ ಷರತ್ತು ಮುರಿದು ಅವಳನ್ನು ಮತ್ತೆ ಕಳೆದುಕೊಳ್ಳುತ್ತಾನೆ. ಈ ಒಪೆರಾದಲ್ಲಿ ಕಥೆ ನೇರವಾಗಿ ನಡೆಯುವುದಿಲ್ಲ. ಅವಳ ಸಾವು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಬೇರೆ ಥರ. ಒಂದೊಂದು ಮುಖ್ಯ ಪಾತ್ರಕ್ಕೂ ಮೂರು ರೂಪ: ಒಬ್ಬರು ಹಾಡುತ್ತಾರೆ, ಒಬ್ಬರು ಮೂಕಾಭಿನಯ ಮಾಡುತ್ತಾರೆ, ಜೊತೆಗೊಂದು ಗೊಂಬೆ. ವಾದ್ಯಗಳಲ್ಲಿ ಪಿಟೀಲೇ ಇಲ್ಲ. ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಸಂಯೋಜಕ ಬ್ಯಾರಿ ಆಂಡರ್ಸನ್ ಹಾರ್ಪ್ ಎಂಬ ತಂತಿವಾದ್ಯದ ನಾದದಿಂದ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತ ನಡುನಡುವೆ ಬಂದು ಮೈ ಜುಮ್ಮೆನಿಸುತ್ತದೆ.

2019ರಲ್ಲಿ ಅದೇ ಕೊಲಿಸಿಯಂನಲ್ಲಿ ಮತ್ತೆ ಆಡಿದಾಗ ನನ್ನ ಟಿಕೆಟ್‌ಗೆ ದುಡ್ಡು ಕೊಟ್ಟವಳು ನನ್ನ ರೂಮ್‌ಮೇಟ್. ಅವಳಿಗೆ ಮೊದಲ ಥ್ಯಾಂಕ್ಸ್.

ಮೂರನೇ ಅಧ್ಯಾಯ ಬರೆಯುವಾಗ ಅಮ್ಮ ಹೋದರು. ಕುಂದಾಪುರದಿಂದ ವಾಪಸ್ ಬಂದ ಮೇಲೆ ಎಂಟು ತಿಂಗಳು ಆ ರೆಕಾರ್ಡಿಂಗ್ ಹಾಕಲು ನನ್ನಿಂದ ಆಗಲಿಲ್ಲ. ಹಾವು ಕಚ್ಚುವ ಜಾಗ ಬರುವ ಮುಂಚೆಯೇ ಹೆಡ್‌ಫೋನ್ ತೆಗೆದಿಡುತ್ತಿದ್ದೆ. ಆಗ ನನ್ನ ಗೈಡ್ ಬೈಯಲಿಲ್ಲ, ಗಡುವು ನೆನಪಿಸಲಿಲ್ಲ. ಬರ್ಟ್‌ವಿಸಲ್ ಇದನ್ನು 70ರ ದಶಕದಲ್ಲಿ ಶುರು ಮಾಡಿ, ನಡುವೆ ವರ್ಷಗಟ್ಟಲೆ ಬಿಟ್ಟು, 80ರ ದಶಕದಲ್ಲಿ ಮುಗಿಸಿದ್ದನ್ನು ನೆನಪಿಸಿದರು, ಅಷ್ಟೇ. ಪ್ರತಿ ಗುರುವಾರ ತಮ್ಮ ಕೋಣೆಗೆ ಕರೆದು, ಚಹಾ ಕೊಟ್ಟು, ಹತ್ತು ಹತ್ತು ನಿಮಿಷ ಜೊತೆಯಲ್ಲೇ ಕೂತು ಕೇಳಿಸಿದರು. ಒಂದು ಗುರುವಾರ ಆ ಜಾಗ ದಾಟಿದೆವು. ನಾನು ಅತ್ತೆ. ಅವರು ನಿಲ್ಲಿಸಲಿಲ್ಲ, ಸುಮ್ನೆ ಪಕ್ಕದಲ್ಲಿದ್ದರು. ಆ ಋಣ ಯಾವತ್ತೂ ತೀರುವುದಿಲ್ಲ.

ಇನ್ನು ಅಮ್ಮ. ಮೊದಲ ವರ್ಷ ಫೋನಿನಲ್ಲಿ ಈ ಮೂರು ರೂಪದ ವಿಷಯ ವಿವರಿಸಲು ಒದ್ದಾಡುತ್ತಿದ್ದೆ. ನಮ್ಮೂರ ಕಡೆಯ ಯಕ್ಷಗಾನ, ಗೊಂಬೆಯಾಟ ನೆನೆದು ಅವರು ತಟ್ಟನೆ ಹೇಳಿದ್ದರು: “ಹಾಡುದ್ ಭಾಗ್ವತ್ರ್, ಕುಣಿಯುದ್ ವೇಷದವ್ರ್. ಉಪ್ಪಿನಕುದ್ರಂಗೆ ಗೊಂಬಿಯೂ ಇತ್ತಲೆ. ಇದ್ರಂಗೆ ಎಂತ ಹೊಸ್ತ್?” ನಾನು ಅದನ್ನು ಅಲ್ಲೇ ಬರೆದಿಟ್ಟುಕೊಂಡೆ. ನಾಲ್ಕನೇ ಅಧ್ಯಾಯ ಪೂರ್ತಿ ಆ ಮಾತಿನಿಂದಲೇ ಹುಟ್ಟಿತು. ವೈವಾದಲ್ಲಿ ಜಾಸ್ತಿ ಹೊತ್ತು ಮಾತಾಡಿದ್ದೂ ಅದರ ಬಗ್ಗೆಯೇ.

ಫಲಿತಾಂಶ ಹೇಳಲು ಅಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು: “ಅವ್ಳ್ ಹೆಸ್ರ್ ಹಾಕಿದ್ಯಾ?”

ಹಾಕಿದ್ದೇನೆ ಅಪ್ಪ. ಮೊದಲ ಪುಟದಲ್ಲೇ ಇದೆ.