ಮಂಡಿನೋವಿಗೆ ಮಾತ್ರೆ ಕೊಡುವ ಮೊದಲು ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಅಕ್ಕನಿಗೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಗಿದೆ, ಅಂದರೆ ಹೊಟ್ಟೆಯ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ನೇರ ಕರುಳಿಗೆ ಜೋಡಿಸಿದ್ದಾರೆ. ಮೊನ್ನೆ ಮಂಡಿನೋವು ಅಂತ ಮೆಡಿಕಲ್ ಶಾಪಿಗೆ ಹೋದರೆ, ಏನು ಎತ್ತ ಕೇಳದೆ ಡೈಕ್ಲೋಫೆನಾಕ್ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರು, ಜೊತೆಗೆ 'ಊಟ ಆದ್ಮೇಲೆ ತಗೊಳ್ಳಿ, ಏನೂ ಆಗಲ್ಲ' ಅನ್ನುವ ಭರವಸೆ ಬೇರೆ. ಆಗುತ್ತೆ ಸ್ವಾಮಿ! ಆ ಚೀಲವನ್ನು ಕರುಳಿಗೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಇಂಥ ಮಾತ್ರೆಗಳಿಂದ ಜಾಸ್ತಿ. ಐಬುಪ್ರೊಫೆನ್ ಕೂಡ ಅದೇ ಜಾತಿ. ವೈದ್ಯರು ಸಾಮಾನ್ಯವಾಗಿ ಹೇಳುವುದು ಪ್ಯಾರಾಸಿಟಮಾಲ್. ಆದರೆ ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ, ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಕೂಡ ಬೆರೆಸಿರುತ್ತಾರೆ.

ವಿಟಮಿನ್ ಕಥೆಯೂ ಇಷ್ಟೇ. 'ತೂಕ ಇಳೀತಲ್ಲ, ಇನ್ಯಾಕೆ ಮಾತ್ರೆ' ಅಂತ ಮನೆಯವರೇ ಬಿಡಿಸುತ್ತಾರೆ. ಈ ಆಪರೇಷನ್ ಆದವರಿಗೆ ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ ಬೇಕು. ಕ್ಯಾಲ್ಸಿಯಂನಲ್ಲೂ ಸಿಟ್ರೇಟ್ ವಾಸಿ, ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಸಿಡ್ ಬೇಕು, ಇವರಿಗೆ ಅದೇ ಕಡಿಮೆ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಕನಿಷ್ಠ 2 ಗಂಟೆ ಅಂತರ ಇರಬೇಕು.

ಅಕ್ಕನ ಡಿಸ್ಚಾರ್ಜ್ ಹಾಳೆಯಲ್ಲಿ ಇದೆಲ್ಲ ಇತ್ತು, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಒಂದು ಕನ್ನಡದ ಚೀಟಿ ಕೊಟ್ಟರೆ ಆಸ್ಪತ್ರೆಯವರ ಗಂಟೇನು ಹೋಗುತ್ತೆ?

– ಒಬ್ಬ ಓದುಗ, ತುಮಕೂರು