ಚಿನ್ನುವಿನ ಜಡೆಗೆ ಕತ್ತರಿ ಹಾಕಬೇಡ

ಪುಟ್ಟಿ,

ಚಿನ್ನು ತಲೆಯಲ್ಲಿ ಹೇನಾಗಿದೆ, ಕೂದಲು ಕತ್ತರಿಸಿಬಿಡುತ್ತೇನೆ ಎಂದೆ ನೀನು. ನಾನು ಬೇಡವೆಂದೆ. "ನೀನು ನನಗೆ ಮಾಡಿದ್ದೇನು ಮತ್ತೆ?" ಎಂದು ನೀನು ಫೋನ್ ಇಟ್ಟುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಿನಗೆ ಆಗ ಎಂಟು ವರ್ಷ. ಅತ್ತೆ ಮಗಳ ಮದುವೆಗೆ ಮೊಗ್ಗಿನ ಜಡೆ ಹಾಕುತ್ತೇನೆ ಅಂತ ನಾನೇ ಆಸೆ ಹುಟ್ಟಿಸಿದ್ದೆ. ಹಿಂದಿನ ಭಾನುವಾರ ಹೇನು ಕಂಡಿತು. ಮದುವೆ ಮನೆಯಲ್ಲಿ ಯಾರಾದರೂ ನೋಡಿದರೆ? ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಕತ್ತರಿ ಹಾಕಿದೆ. ನೀನು ಅಳಲಿಲ್ಲ. ಬಿದ್ದ ಜಡೆಯಿಂದ ಕೆಂಪು ಟೇಪು ಬಿಚ್ಚಿ, ಮಡಚಿ, "ಇದನ್ನ ಎಲ್ಲಿಡಲಮ್ಮ?" ಅಂತ ಕೇಳಿದೆ.

ಪೇಪರಿನಿಂದ ಕತ್ತರಿಸಿಟ್ಟ ಒಂದು ಚಿತ್ರ ನನ್ನ ಹತ್ತಿರ ಇದೆ. ಇಸ್ರೇಲ್‌ನ ಲಾಕೀಷ್ ಎಂಬ ಪುರಾತನ ಊರಿನಲ್ಲಿ 2016ರಲ್ಲಿ ಸಿಕ್ಕ ಬಾಚಣಿಗೆಯದು. ಆನೆದಂತದ್ದು, ಸುಮಾರು 3,700 ವರ್ಷ ಹಳೆಯದು. ಉದ್ದ ಬರೀ ಮೂರೂವರೆ ಸೆಂಟಿಮೀಟರ್. ಒಂದು ಕಡೆ ಸಿಕ್ಕು ಬಿಡಿಸಲು ಆರು ದಪ್ಪ ಹಲ್ಲು, ಇನ್ನೊಂದು ಕಡೆ ನಮ್ಮ ಸೀರಣಿಗೆಯ ಹಾಗೆ ಹದಿನಾಲ್ಕು ಸಣ್ಣ ಹಲ್ಲು. ಮೇಲೆ ಕೆತ್ತಿದ 17 ಅಕ್ಷರಗಳು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಹಾಗೇ ಇದ್ದವು. 2022ರಲ್ಲಿ ಓದಿದ್ದು ಪ್ರಕಟವಾಯಿತು: ಈ ದಂತ ತಲೆಯ, ಗಡ್ಡದ ಹೇನು ತೆಗೆಯಲಿ. ಆ ಸೀಮೆಯ ಹಳೆಯ ಕಾನಾನ್ ಲಿಪಿಯಲ್ಲಿ ಸಿಕ್ಕಿರುವ ಅತಿ ಹಳೆಯ ಪೂರ್ತಿ ವಾಕ್ಯ ಅದೇ ಅಂತೆ. ಒಂದು ಹಲ್ಲಿನಲ್ಲಿ ಮರಿಹೇನಿನ ಚೂರು ಕೂಡ ಸಿಕ್ಕಿತು. ಆ ಊರಿನ ಕಡೆ ಆಗ ಆನೆಗಳೇ ಇರಲಿಲ್ಲ. ದೂರದಿಂದ ದಂತ ತರಿಸುವಷ್ಟು ದುಡ್ಡಿದ್ದವರ ಮನೆ. ಅವರು ಹೇನಿನ ಮಾತನ್ನು ದಂತದ ಮೇಲೆ ಕೆತ್ತಿಸಿಕೊಂಡರು. ನಾನು ನಾಲ್ಕು ಜನ ನೆಂಟರಿಗೆ ಹೆದರಿ ನಿನ್ನ ಜಡೆ ತೆಗೆದೆ.

ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚು. ಸ್ವಲ್ಪ ಸ್ವಲ್ಪವೇ ಬುಡದಿಂದ ತುದಿವರೆಗೆ ಬಾಚು. ಸೀರು ಒಡೆದು ಮರಿ ಬರಲು ಏಳರಿಂದ ಹತ್ತು ದಿನ ಬೇಕು, ಅದಕ್ಕೇ ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಎರಡು ವಾರ ಬಿಡದೆ ಬಾಚು. ಹೇನು ಹಾರುವುದಿಲ್ಲ, ತಲೆಗೆ ತಲೆ ತಾಗಿ ಬರುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ಮಗುವನ್ನು ಬೈಯಬೇಡ. ನೋಡು, ಮತ್ತೆ ಪಾಠ ಶುರು ಮಾಡಿದೆ.

ನೀನು ನೇರವಾಗಿ ಕೇಳಿದೆಯಲ್ಲ, ಅದು ನನಗೆ ಹಿಡಿಸಿತು. ನನ್ನ ಅಮ್ಮನನ್ನು ಹಾಗೆ ಕೇಳುವ ಧೈರ್ಯ ನನಗಿರಲಿಲ್ಲ. ತಪ್ಪಾಯಿತು ಪುಟ್ಟಿ. ಆ ಟೇಪು ಎಲ್ಲಿಡಬೇಕು ಅಂತ ಅವತ್ತು ನಾನು ಹೇಳಲೇ ಇಲ್ಲ. ಒಳಗೆ ಹೋಗಿಬಿಟ್ಟೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಸೀರಣಿಗೆ ತರುತ್ತೇನೆ. ಅಲ್ಲಿಯವರೆಗೆ ತಡಿ.

ನಿನ್ನ
ಅಮ್ಮ